ಬೈಯುವ ಸಾಹೇಬರು, ಬಾಯಿ ಮುಚ್ಚಿದ ವಾರ್ಡು: ಸರ್ಕಾರಿ ಆಸ್ಪತ್ರೆಯ ನೌಕರರು ಏನು ಮಾಡಬೇಕು

ಹೆರಿಗೆ ಕೋಣೆಯ ಎಮರ್ಜೆನ್ಸಿ ಟ್ರೇಯಲ್ಲಿ ಮೆಗ್ನೀಷಿಯಂ ಸಲ್ಫೇಟಿನ ಆರೇ ಆಂಪ್ಯೂಲ್ ಉಳಿದಿವೆ ಎಂದುಕೊಳ್ಳಿ. ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಯನ್ನು ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಕೊಡಬೇಕಾದ ಮೊದಲ ಡೋಸ್ 10 ಗ್ರಾಂ, ಎರಡೂ ಬದಿಯ ಪೃಷ್ಠಕ್ಕೆ ಐದೈದು ಗ್ರಾಂ. ಶೇ 50ರ 2 ಎಂಎಲ್ ಆಂಪ್ಯೂಲಿನಲ್ಲಿರುವುದು 1 ಗ್ರಾಂ. ಹತ್ತು ಬೇಕು, ಆರಿವೆ. ರಾತ್ರಿ ಪಾಳಿಯ ಸಿಸ್ಟರ್‌ಗೆ ಇದು ಗೊತ್ತು, ಔಷಧ ವಿತರಕರಿಗೂ ಗೊತ್ತು. ಹೋದ ತಿಂಗಳು ಇದನ್ನೇ ಹೇಳಲು ಹೋದವರು "ನೀ ಏನ್ ನನಗ ಆಡಳಿತ ಕಲಸ್ತೀ?" ಎಂದು ರೋಗಿಗಳ ಮಂದಿಯ ಎದುರೇ ಬೈಸಿಕೊಂಡದ್ದೂ ಎಲ್ಲರಿಗೂ ಗೊತ್ತು. ಹಾಗಾಗಿ ಈ ಸಲ ಯಾರೂ ಹೇಳುವುದಿಲ್ಲ. ಟ್ರೇ ಹಾಗೇ ಇರುತ್ತದೆ, ಚೆಕ್‌ಲಿಸ್ಟಿನಲ್ಲಿ ಮಾತ್ರ ಟಿಕ್ ಬೀಳುತ್ತದೆ.

ಅಧಿಕಾರಿಯ ದರ್ಪ ನೌಕರರ ಮನಸ್ಸನ್ನು ನೋಯಿಸಿ ಅಲ್ಲಿಗೇ ನಿಲ್ಲುವುದಿಲ್ಲ, ರೋಗಿಯ ಹಾಸಿಗೆಯವರೆಗೂ ಬರುತ್ತದೆ. ಅದಕ್ಕೇ ಈ ಬರಹ. ಹುಬ್ಬಳ್ಳಿ, ಗದಗ, ಹಾವೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿರಲಿ, ಕಲಘಟಗಿ, ನವಲಗುಂದ, ರೋಣ, ಮುಂಡರಗಿ, ಹಾನಗಲ್ಲ, ರಾಣೆಬೆನ್ನೂರಿನಂಥ ತಾಲ್ಲೂಕು ಆಸ್ಪತ್ರೆಗಳಿರಲಿ, ಹಳ್ಳಿಯ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಇರಲಿ, ಕ್ರಮ ಒಂದೇ. ಮಾತನ್ನು ಸಾಹೇಬರ ಸ್ವಭಾವದ ಕಡೆಯಿಂದ ರೋಗಿಯ ಸ್ಥಿತಿಯ ಕಡೆ ತಿರುಗಿಸಿ. ಬಾಯಿಮಾತನ್ನು ಕಾಗದಕ್ಕೆ ಇಳಿಸಿ. ಆ ಕಾಗದಕ್ಕೆ ಸ್ವೀಕೃತಿ ಪಡೆಯಿರಿ. ಮುಂದೆ ಬರೆದಿರುವುದೆಲ್ಲ ಈ ಮೂರನ್ನು ಮಾಡುವ ಬಗೆ.

ಬಿಗಿ ಯಾವುದು, ಹಿಂಸೆ ಯಾವುದು

ಬಿಗಿಯಾದ ಅಧಿಕಾರಿಯೆಲ್ಲ ಕೆಟ್ಟವರಲ್ಲ. ಪಾರ್ಟೊಗ್ರಾಫ್ (ಹೆರಿಗೆಯ ಪ್ರಗತಿ ಗುರುತಿಸುವ ಪಟ್ಟಿ) ತುಂಬಿಲ್ಲವೆಂದು, ತಡವಾಗಿ ಬಂದಿರೆಂದು ಗದರಿದರೆ ಅದು ಅವರ ಕೆಲಸ. ಹಿಂಸೆಯನ್ನು ಗುರುತಿಸಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದೇ ತಪ್ಪಿಗೆ ಎಲ್ಲರಿಗೂ ಇದೇ ಶಿಕ್ಷೆಯೋ, ಕೆಲವರಿಗಷ್ಟೇನೋ? ಮಾತು ಕೆಲಸದ ಬಗ್ಗೆಯೋ, ನಿಮ್ಮ ಜಾತಿ, ಊರು, ಮೈಬಣ್ಣ, ಮದುವೆ, ಕಾಂಟ್ರ್ಯಾಕ್ಟ್ ನೌಕರಿಯ ಬಗ್ಗೆಯೋ? ತಪ್ಪು ಮಾಡಿದವರಿಗೆ ಶಿಕ್ಷೆಯೋ, ತಪ್ಪು ತೋರಿಸಿದವರಿಗೋ? ಮೂರನೆಯದಕ್ಕೆ "ತೋರಿಸಿದವರಿಗೆ" ಎಂಬ ಉತ್ತರ ಬಂದರೆ ಉಳಿದೆರಡನ್ನು ಕೇಳುವ ಅಗತ್ಯವಿಲ್ಲ.

ಹಿಂಸೆ ಕಿರುಚಾಟದಲ್ಲೇ ಇರಬೇಕೆಂದಿಲ್ಲ, ಹೆಚ್ಚಾಗಿ ಅದು ರಿಜಿಸ್ಟರುಗಳಲ್ಲಿ ಇರುತ್ತದೆ. ಪ್ರಶ್ನೆ ಕೇಳಿದವರಿಗೇ ಸಾಲುಸಾಲಾಗಿ ನೈಟ್ ಡ್ಯೂಟಿ. ಲಿಖಿತ ಆದೇಶವಿಲ್ಲದೆ "ನಾಳಿಂದ ಆ ಪಿಎಚ್‌ಸಿಗೆ ಓಒಡಿ ಹೋಗ್ರಿ" ಎಂಬ ಬಾಯಿಮಾತು (ಓಒಡಿ ಎಂದರೆ ಬೇರೆಡೆಗೆ ತಾತ್ಕಾಲಿಕ ನಿಯೋಜನೆ). ಮೇಜಿನ ಮೇಲೆ ಮಲಗಿದ ರಜೆ ಅರ್ಜಿ. ಒಬ್ಬರಿಗಷ್ಟೇ ಬರುವ ಮೆಮೊ. ಆಸ್ಪತ್ರೆಯ ವಾಟ್ಸ್ಯಾಪ್ ಗುಂಪಿನಲ್ಲಿ ರಾತ್ರಿ ಹನ್ನೊಂದಕ್ಕೆ ಹೆಸರು ಹಿಡಿದು ಅವಮಾನ.

ಇವುಗಳಲ್ಲಿ ಅತಿ ಅಪಾಯದ್ದು ದಾಖಲೆ ತಿದ್ದುವ ಒತ್ತಡ. ಟಾರ್ಗೆಟ್ ಮುಟ್ಟಿದಂತೆ ತೋರಿಸು, ರೆಫರ್ ಮಾಡಿದ ಹೊತ್ತನ್ನು ಹಿಂದಕ್ಕೆ ಹಾಕು, ಖಾಲಿ ಸ್ಟಾಕನ್ನು ಇದೆ ಎಂದು ಬರೆ ಎಂದು ಹೇಳಿದವರ ಹೆಸರು ಆ ಪುಟದಲ್ಲಿ ಎಲ್ಲಿಯೂ ಇರುವುದಿಲ್ಲ. ಅಲ್ಲಿರುವುದು ನಿಮ್ಮ ಸಹಿ. ನಾಳೆ ತಾಯಿಮರಣದ ವಿಚಾರಣೆ ಬಂದರೆ, ಕೇಸ್ ಶೀಟ್ ನ್ಯಾಯಾಲಯಕ್ಕೆ ಹೋದರೆ, ಉತ್ತರ ಹೇಳಬೇಕಾದವರು ನೀವೇ. ಇದೊಂದು ವಿಷಯದಲ್ಲಿ ಯಾವ ರಾಜಿಯೂ ಬೇಡ. ಬರೆದದ್ದು ನಿಜಕ್ಕೂ ತಪ್ಪಾಗಿದ್ದರೆ ಅದರ ಮೇಲೆ ಒಂದೇ ಗೆರೆ ಎಳೆಯಿರಿ, ಕೆಳಗಿನ ಅಕ್ಷರ ಓದಲು ಬರುವಂತಿರಲಿ. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಿದ್ದಿದ ದಿನಾಂಕ ಮತ್ತು ಸಮಯ ಹಾಕಿ, ಕಿರುಸಹಿ ಮಾಡಿ. ವೈಟ್ನರ್ ಹಚ್ಚುವುದು, ಪುಟ ಹರಿಯುವುದು, ಹಳೆಯ ತಾರೀಕು ಹಾಕುವುದು, ಮೂರೂ ನಿಮ್ಮನ್ನೇ ಆರೋಪಿಯ ಜಾಗದಲ್ಲಿ ನಿಲ್ಲಿಸುತ್ತವೆ.

ಯಾರು ಯಾಕೆ ಸುಮ್ಮನಿದ್ದಾರೆ

ಸುಮ್ಮನಿರುವವರೆಲ್ಲ ಒಂದೇ ಕಾರಣಕ್ಕೆ ಸುಮ್ಮನಿಲ್ಲ. "ಹೇಳಿ ಏನ್ ಉಪಯೋಗ್ರೀ" ಎನ್ನುವವರು ಹಿಂದೆ ಹೇಳಿ ಸೋತವರು. ಇವರಿಗೆ ಧೈರ್ಯದ ಮಾತು ಹಿಡಿಸುವುದಿಲ್ಲ. ಒಂದು ಚಿಕ್ಕ ಕೆಲಸ, ಒಂದು ಟ್ಯೂಬ್‌ಲೈಟ್, ಒಂದು ಫ್ರಿಜ್ ದುರಸ್ತಿ, ಬರೆದು ಕೊಟ್ಟದ್ದರಿಂದ ಆಯಿತು ಎಂದು ಕಂಡರೆ ಮತ್ತೆ ಮಾತಾಡುತ್ತಾರೆ. "ಹೇಳಿದ್ರ ನನ್ನ ಗತಿ ಏನ್ರೀ" ಎನ್ನುವವರಿಗೆ ಬೇಕಾದದ್ದು ರಕ್ಷಣೆ, ಒಬ್ಬರೇ ಅಲ್ಲ ಎಂಬ ಖಾತ್ರಿ. ಇನ್ನು ಕೆಲವರು "ಪಾಪ, ಅಕ್ಕಾರಿಗೆ ತೊಂದ್ರಿ ಆಗಬಾರದು" ಎಂದು ಜೊತೆಯವರ ಮೇಲಿನ ಪ್ರೀತಿಯಿಂದ ತಪ್ಪು ಮುಚ್ಚುತ್ತಾರೆ. ಹೆಸರಿಲ್ಲದೆ ತಪ್ಪನ್ನಷ್ಟೇ ದಾಖಲಿಸುವ ವ್ಯವಸ್ಥೆ ಇದ್ದರೆ ಇವರು ಬಾಯಿ ಬಿಡುತ್ತಾರೆ.

ನೌಕರಿಯ ಬಗೆ ನೋಡಿದರೆ ಭಯದ ಬೇರು ಕಾಣುತ್ತದೆ. ಕಾಯಂ ನೌಕರರಿಗೆ ವರ್ಗಾವಣೆ ಮತ್ತು ವಾರ್ಷಿಕ ಕಾರ್ಯನಿರ್ವಹಣಾ ವರದಿಯ ಭಯ. ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಕಾಂಟ್ರ್ಯಾಕ್ಟಿನವರಿಗೆ ವರ್ಷಕ್ಕೊಮ್ಮೆ ಬರುವ ನವೀಕರಣದ ಭಯ. ಜನವರಿ ದಾಟಿದ ಮೇಲೆ ಅವರ ದನಿ ಇನ್ನಷ್ಟು ತಗ್ಗುತ್ತದೆ. ಹೊರಗುತ್ತಿಗೆಯ ಡಿ ಗ್ರೂಪ್ ನೌಕರರನ್ನು "ನಾಳಿಂದ ಬರಬ್ಯಾಡ" ಎಂದು ಏಜೆನ್ಸಿಯ ಒಂದು ಫೋನ್ ಕರೆ ಮನೆಗೆ ಕಳಿಸಬಹುದು. ಆಶಾ ಕಾರ್ಯಕರ್ತೆಯ ಪ್ರೋತ್ಸಾಹಧನದ ಕ್ಲೇಮಿಗೆ ಪಿಎಚ್‌ಸಿಯಲ್ಲೇ ಸಹಿ ಬೀಳಬೇಕು. ಇಂಟರ್ನಿ, ಪಿಜಿ ವಿದ್ಯಾರ್ಥಿಗಳ ಹಾಜರಿ, ಲಾಗ್‌ಬುಕ್ ವಿಭಾಗದ ಮುಖ್ಯಸ್ಥರ ಕೈಲಿರುತ್ತದೆ. ತಾಲ್ಲೂಕು ಊರುಗಳಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ: ಗಂಡ ಒಂದು ಇಲಾಖೆ, ಹೆಂಡತಿ ಇನ್ನೊಂದು ಇಲಾಖೆ, ಮಕ್ಕಳ ಸಾಲಿ ಅದೇ ಊರಾಗ. ವರ್ಗಾವಣೆಯ ಒಂದು ಮಾತು ಇಡೀ ಮನೆಯನ್ನೇ ಅಲುಗಿಸುತ್ತದೆ. ಆದ್ದರಿಂದ ಯಾರ ಮುಂದೆ ಯಾವ ಕೆಲಸ ಇಡಬೇಕೆಂದು ಯೋಚಿಸಿ ಹಂಚಿಕೊಳ್ಳಿ. ಅರ್ಜಿಗೆ ಮೊದಲ ಸಹಿ ಕಾಯಂ ನೌಕರರದ್ದೇ ಇರಲಿ. ಹೊರಗುತ್ತಿಗೆಯ ತಂಗಿಯನ್ನು ಮುಂದೆ ನಿಲ್ಲಿಸಿ ತಾವು ಹಿಂದೆ ನಿಲ್ಲುವುದು ಅನ್ಯಾಯ.

ರೋಗಿಯ ಹಾಸಿಗೆಯ ಬಳಿ: ಕಾಯಲಾಗದ ಮಾತು

ಅರ್ಜಿ, ಆಯೋಗ ಎಲ್ಲವೂ ಆಮೇಲಿನದು. ರೋಗಿ ಕುಸಿಯುತ್ತಿರುವಾಗ ಬಾಯಿಂದಲೇ ಹೇಳಬೇಕು, ಅದೂ ಬೈಯುವ ವೈದ್ಯರಿಗೆ. ಇಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು, ಭಯದಿಂದ ಮಾತನ್ನು ತೆಳುವಾಗಿಸುವುದು. "ಸರ್ರ, ಪೇಷಂಟ್ ಸ್ವಲ್ಪ ಅರಾಮಿಲ್ರಿ" ಎಂದರೆ ಆಚೆಯಿಂದ "ಮುಂಜಾನೆ ನೋಡ್ತೀನಿ" ಎಂದೇ ಬರುತ್ತದೆ. ಫೋನ್ ಹಚ್ಚುವ ಮೊದಲು ಕೇಸ್ ಶೀಟ್ ಕೈಯಲ್ಲಿ ಹಿಡಿದು, ನಾಲ್ಕು ಸಂಗತಿಗಳನ್ನು ಇದೇ ಕ್ರಮದಲ್ಲಿ ಹೇಳಿ: ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನು ಬೇಕು.

"ಸಾಹೇಬ್ರ, ಬಾಣಂತಿಯರ ವಾರ್ಡಿನಿಂದ ಸ್ಟಾಫ್ ನರ್ಸ್ ಮಾತಾಡ್ತೀನ್ರಿ. ಬೆಡ್ ನಾಲ್ಕು, ಪಲ್ಸ್ 130, ಬಿಪಿ 80/50 ಐತ್ರಿ. ಮಧ್ಯಾಹ್ನ ಎರಡಕ್ಕ ಸಿಸೇರಿಯನ್ ಆಗೈತ್ರಿ, ಅರ್ಧ ತಾಸಿನ್ಯಾಗ ಎರಡು ಪ್ಯಾಡ್ ಪೂರ್ತಿ ತೊಯ್ದಾವ್ರಿ. ಬ್ಲೀಡಿಂಗ್ ಜಾಸ್ತಿ ಆಗಾಕ ಹತ್ತೈತಿ ಅಂತ ನನಗ ಅನಸ್ತೈತ್ರಿ. ನೀವು ಈಗಲೇ ಬಂದು ನೋಡಬೇಕ್ರಿ. ಬರೂತನಾ ಇನ್ನೊಂದು ಐವಿ ಲೈನ್ ಹಾಕಿ, ರಕ್ತಕ್ಕ ಸ್ಯಾಂಪಲ್ ಕಳಸ್ಲೇನ್ರಿ?"

ಕೊನೆಯ ಪ್ರಶ್ನೆ ಬಹಳ ಮುಖ್ಯ. "ಹೂಂ" ಅಥವಾ "ಬ್ಯಾಡ" ಎನ್ನಲೇಬೇಕಾಗುತ್ತದೆ, ಎರಡರಲ್ಲಿ ಯಾವುದು ಬಂದರೂ ನೀವು ಬರೆದಿಡಬಹುದು. ಫೋನಿನಲ್ಲಿ ಔಷಧ ಹೇಳಿದರೆ ಹೆಸರು, ಪ್ರಮಾಣ, ಕೊಡುವ ಮಾರ್ಗ ಮೂರನ್ನೂ ತಿರುಗಿ ಓದಿ ಹೇಳಿ ಖಚಿತಪಡಿಸಿಕೊಳ್ಳಿ.

ಕೇಳದಿದ್ದರೆ ಮೂರು ಮೆಟ್ಟಿಲು. ಮೊದಲು "ನನಗ ಚಿಂತಿ ಆಗೈತ್ರಿ". ಆಮೇಲೆ "ಹಿಂಗ ಬಿಡೂದು ನನಗ ಸರಿ ಅನಸವಲ್ದ್ರಿ". ಕೊನೆಗೆ "ಇದು ಪೇಷಂಟಿನ ಜೀವದ ಪ್ರಶ್ನೆ ಐತ್ರಿ, ನಾ ಎಎಂಒ ಸಾಹೇಬ್ರಿಗೆ ಫೋನ್ ಹಚ್ತೀನ್ರಿ" (ಎಎಂಒ ಎಂದರೆ ಆಡಳಿತ ವೈದ್ಯಾಧಿಕಾರಿ). ದನಿ ಏರಿಸಬೇಡಿ, ಕ್ಷಮೆಯನ್ನೂ ಕೇಳಬೇಡಿ. ಎಷ್ಟು ಹೊತ್ತು ಕಾದು ಮೇಲಿನವರಿಗೆ ಫೋನ್ ಮಾಡಬೇಕೆಂಬುದನ್ನು ವಾರ್ಡಿನಲ್ಲಿ ಮೊದಲೇ ನಿಗದಿ ಮಾಡಿ ಬರೆದು ಅಂಟಿಸಿರಬೇಕು. ರಕ್ತಸ್ರಾವ, ಫಿಟ್ಸ್, ಉಸಿರಾಟದ ತೊಂದರೆಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಇಡಬೇಡಿ. ಗಡುವು ಗೋಡೆಯ ಮೇಲಿದ್ದರೆ "ನನ್ನ ತಲಿ ಮ್ಯಾಲಿಂದ ಹೋದ್ರಿ" ಎಂಬ ಆರೋಪ ನಿಲ್ಲುವುದಿಲ್ಲ, ನೀವು ನಿಯಮ ಪಾಲಿಸಿದಿರಿ ಅಷ್ಟೇ.

ಆ ಕೂಡಲೇ ನರ್ಸಸ್ ನೋಟ್ಸಿನಲ್ಲಿ ಬರೆಯಿರಿ: "ರಾತ್ರಿ 9.40: ಪಲ್ಸ್ 130, ಬಿಪಿ 80/50. ಕರ್ತವ್ಯದ ವೈದ್ಯರಿಗೆ ದೂರವಾಣಿಯಲ್ಲಿ ತಿಳಿಸಲಾಗಿದೆ. 9.50: ಪುನಃ ತಿಳಿಸಲಾಗಿದೆ. 9.52: ಆಡಳಿತ ವೈದ್ಯಾಧಿಕಾರಿಗಳಿಗೆ ತಿಳಿಸಲಾಗಿದೆ." "ಡಾಕ್ಟರು ಬರಲೇ ಇಲ್ಲ", "ನಿರ್ಲಕ್ಷ್ಯ ಮಾಡಿದರು" ಎಂಬ ಮಾತು ಕೇಸ್ ಶೀಟಿನಲ್ಲಿ ಬೇಡ. ಸಮಯವೇ ಎಲ್ಲವನ್ನೂ ಹೇಳುತ್ತದೆ.

ದಿನಚರಿ: ನಿಮ್ಮ ಮೊದಲ ಸಾಕ್ಷಿ

ಹೊಲಿಗೆ ಹಾಕಿದ 200 ಪುಟದ ನೋಟ್‌ಬುಕ್ ಒಂದನ್ನು ಕೊಳ್ಳಿ. ಸ್ಪೈರಲ್ ಬೇಡ, ಪುಟ ಕಿತ್ತರೆ ಗೊತ್ತಾಗುವುದಿಲ್ಲ. ಪುಟಗಳಿಗೆ ನಂಬರ್ ಹಾಕಿ. ಪ್ರತಿ ಘಟನೆಯನ್ನು ಅದೇ ದಿನ ಬರೆಯಿರಿ, ತಡವಾದರೂ 24 ತಾಸಿನೊಳಗೆ. ಏಳು ಸಂಗತಿ ಇರಲಿ: ದಿನಾಂಕ ಮತ್ತು ಸಮಯ, ಜಾಗ, ಆಡಿದ ಮಾತು ಆಡಿದ ಭಾಷೆಯಲ್ಲೇ, ಅಲ್ಲಿದ್ದವರ ಹೆಸರು, ಅದಕ್ಕೆ ಮೊದಲು ಏನಾಗಿತ್ತು, ರೋಗಿಯ ಆರೈಕೆಗೆ ಏನು ತೊಂದರೆಯಾಯಿತು, ನೀವು ಏನು ಮಾಡಿದಿರಿ. "ಸಾಹೇಬರು ಅವಾಚ್ಯವಾಗಿ ನಿಂದಿಸಿದರು" ಎಂದರೆ ವಿಚಾರಣೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಬೈದ ಶಬ್ದವನ್ನೇ ಬರೆಯಿರಿ, ಬರೆಯಲು ಮುಜುಗರವಾದರೂ.

ನೋಟ್‌ಬುಕ್ ಮನೆಯಲ್ಲಿರಲಿ, ಡ್ಯೂಟಿ ರೂಮಿನ ಕಪಾಟಿನಲ್ಲಿ ಬೇಡ. ರೋಗಿಯ ಹೆಸರು ಬರೆಯಬೇಡಿ, ಐಪಿ (ಒಳರೋಗಿ) ನಂಬರ್ ಸಾಕು. ಕೇಸ್ ಶೀಟಿನ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳುವುದು ರೋಗಿಯ ಗೋಪ್ಯತೆಗೂ ಕೆಡುಕು, ನಿಮ್ಮ ಮೇಲೆ ತಿರುಗಿಸಬಹುದಾದ ಆಯುಧವೂ ಹೌದು. ವಾಟ್ಸ್ಯಾಪ್ ಸಂದೇಶಗಳಿದ್ದರೆ ಸ್ಕ್ರೀನ್‌ಶಾಟಿಗೆ ನಿಲ್ಲಿಸದೆ ಇಡೀ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಸ್ವಂತ ಇಮೇಲಿಗೆ ಕಳಿಸಿ, ಮೂಲ ಸಂದೇಶವಿರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಆಗ ಮೂಲ ಸಾಧನದ ಪ್ರಶ್ನೆ ಬಂದೇ ಬರುತ್ತದೆ.

ಬಾಯಿಮಾತಿನ ಆದೇಶಗಳಿಗೆ ಒಂದು ಸರಳ ಉಪಾಯವಿದೆ. ಹೋಗುವುದಿಲ್ಲ ಎನ್ನಬೇಡಿ. ಒಂದು ಟಿಪ್ಪಣಿ ಬರೆದು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು ಹೊರಡಿ: "ತಾವು ಇಂದು ಬೆಳಿಗ್ಗೆ 11 ಗಂಟೆಗೆ ಮೌಖಿಕವಾಗಿ ಸೂಚಿಸಿದಂತೆ ನಾಳೆಯಿಂದ ಇಂಥ ಪಿಎಚ್‌ಸಿಯಲ್ಲಿ ಕರ್ತವ್ಯಕ್ಕೆ ಹಾಜರಾಗುತ್ತೇನೆ. ಲಿಖಿತ ಆದೇಶದ ಪ್ರತಿಯನ್ನು ದಯಪಾಲಿಸಲು ಕೋರುತ್ತೇನೆ." ಇದರಲ್ಲಿ ಒಂದೂ ಒರಟು ಶಬ್ದವಿಲ್ಲ. ಆದರೂ ಬಾಯಿಮಾತಿನಲ್ಲಿ ನಡೆಯುತ್ತಿದ್ದ ಬಹಳಷ್ಟು ಆಟ ಇಲ್ಲಿಗೇ ನಿಲ್ಲುತ್ತದೆ, ಯಾಕೆಂದರೆ ಆದೇಶ ಬರೆದವರು ಕಾರಣವನ್ನೂ ಬರೆಯಬೇಕಾಗುತ್ತದೆ.

ಅರ್ಜಿ ಬರೆಯುವ ಬಗೆ

ಮೊದಲ ಅರ್ಜಿ ಅಧಿಕಾರಿಯ ನಡತೆಯ ಬಗ್ಗೆ ಬೇಡ, ಕೊರತೆಯ ಬಗ್ಗೆ ಇರಲಿ. ಒಂದೇ ವಿಷಯ, ಒಂದೇ ಪುಟ, ಪರಿಹಾರದ ಕೋರಿಕೆ. ಮೇಲಿನ ಉದಾಹರಣೆಗೇ ಬರೆಯುವುದಾದರೆ ಹೀಗೆ:

"ವಿಷಯ: ಹೆರಿಗೆ ಕೋಣೆಯಲ್ಲಿ ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದಿನ ಕೊರತೆ. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಇಂದು ರಾತ್ರಿ 8 ಗಂಟೆಗೆ ಎಣಿಸಿದಾಗ ಎಮರ್ಜೆನ್ಸಿ ಟ್ರೇಯಲ್ಲಿ 6 ಆಂಪ್ಯೂಲ್ ಇರುತ್ತವೆ. ಒಬ್ಬ ರೋಗಿಯ ಮೊದಲ ಡೋಸಿಗೆ 10 ಬೇಕಾಗುತ್ತವೆ. ಇಂಡೆಂಟ್ ಸಂಖ್ಯೆ ಇಂತಿಷ್ಟು, ಇಂಥ ದಿನಾಂಕದಂದು ಸಲ್ಲಿಸಲಾಗಿದೆ. ಕನಿಷ್ಠ 20 ಆಂಪ್ಯೂಲ್ ಸದಾ ಇರುವಂತೆ, ಇಲ್ಲದಿದ್ದಲ್ಲಿ ಸ್ಥಳೀಯವಾಗಿ ಖರೀದಿಸಲು ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ."

ಎರಡು ಪ್ರತಿ ಮಾಡಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಮೂರನ್ನೂ ಹಾಕಿಸಿಕೊಳ್ಳಿ. ಸಂಖ್ಯೆಯಿಲ್ಲದ ಬರೀ ಸಹಿ ನಾಳೆ "ಬಂದೇ ಇಲ್ಲ" ಆಗಬಹುದು. "ಸಾಹೇಬ್ರು ತಗೋಬ್ಯಾಡ ಅಂದಾರ" ಎಂದು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರು) ಕೈಚೆಲ್ಲಿದರೆ ಅವರ ಮೇಲೆ ಸಿಟ್ಟಾಗಬೇಡಿ, ಅವರೂ ಅದೇ ಭಯದಲ್ಲಿರುವವರು. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಮತ್ತು ತಲುಪಿದ ದಾಖಲೆಯನ್ನು ಅರ್ಜಿಯ ಪ್ರತಿಗೆ ಹಚ್ಚಿಡಿ. ಹದಿನೈದು ದಿನ ಕಾದು ಒಂದು ನೆನಪೋಲೆ. ಅದಕ್ಕೂ ಉತ್ತರವಿಲ್ಲದಿದ್ದರೆ ಟಿಎಚ್‌ಒ (ತಾಲ್ಲೂಕು ಆರೋಗ್ಯಾಧಿಕಾರಿ), ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಅಥವಾ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ, ನಿಮ್ಮ ಮೇಲಾಧಿಕಾರಿಗಳ ಮೂಲಕ ಎಂದು ಬರೆದು, ಮುಂಗಡ ಪ್ರತಿಯನ್ನು ನೇರ ಕಳಿಸಿ. ಜೀವಕ್ಕೆ ಅಪಾಯದ ಕೊರತೆಯಾದರೆ ಹದಿನೈದು ದಿನ ಕಾಯುವ ಮಾತಿಲ್ಲ, ಮರುದಿನವೇ ಮೇಲಕ್ಕೆ ಹೋಗಲಿ.

ಇಂಥ ಮೂರು ನಾಲ್ಕು ಕಾಗದಗಳು ಸೇರಿದ ಮೇಲೆ, ನಡತೆಯ ಬಗೆಗಿನ ದೂರಿಗೆ ನೆಲ ಸಿಗುತ್ತದೆ. ಆಗ ನೀವು "ಸಾಹೇಬರು ದ್ವೇಷ ಸಾಧಿಸುತ್ತಾರೆ" ಎನ್ನುವ ಅಗತ್ಯವಿಲ್ಲ. ಇಂಥ ತಾರೀಖು ಕೊರತೆ ಬರೆದು ಕೊಟ್ಟೆ, ಮೂರು ದಿನಕ್ಕೆ ಮೆಮೊ ಬಂತು, ಹತ್ತು ದಿನಕ್ಕೆ ಓಒಡಿ ಬಂತು ಎಂದು ಸಾಲಾಗಿ ಇಟ್ಟರೆ ಓದುವವರೇ ತೀರ್ಮಾನಕ್ಕೆ ಬರುತ್ತಾರೆ.

ಒಂದೇ ಅರ್ಜಿಗೆ ಇಪ್ಪತ್ತು ಜನ ಸಹಿ ಹಾಕುವುದು ಬಲವಾಗಿ ಕಂಡರೂ ಬೇಗ ಮುರಿಯುತ್ತದೆ. ಒಬ್ಬೊಬ್ಬರನ್ನೇ ಚೇಂಬರಿಗೆ ಕರೆದು ಕೇಳಿದಾಗ "ಓದದೇ ಸಹಿ ಮಾಡೀನ್ರಿ" ಎಂದು ನಾಲ್ವರು ಬರೆದುಕೊಟ್ಟರೆ ಉಳಿದ ಹದಿನಾರರ ಬೆಲೆಯೂ ಹೋಗುತ್ತದೆ. ಅದಕ್ಕಿಂತ ನಾಲ್ಕೈದು ಜನ ತಾವು ಕಣ್ಣಾರೆ ಕಂಡದ್ದನ್ನಷ್ಟೇ ತಮ್ಮ ತಮ್ಮ ಮಾತಿನಲ್ಲಿ ಬೇರೆ ಬೇರೆ ಬರೆದು ಒಂದೇ ದಿನ ಟಪಾಲಿಗೆ ಕೊಡುವುದು ಮೇಲು. ಮೂಗರ್ಜಿ ಬೇಡ. ಅದನ್ನು ಬಹುಪಾಲು ಬದಿಗೆ ಸರಿಸುತ್ತಾರೆ, ಮೇಲೆ ಯಾರು ಬರೆದದ್ದೆಂದು ಹುಡುಕುವ ನೆಪದಲ್ಲಿ ನಿರಪರಾಧಿಗಳು ಬಳಲುತ್ತಾರೆ.

ಯಾವ ದೂರು ಎಲ್ಲಿಗೆ

ಬಾಗಿಲು ತಪ್ಪಿದರೆ ತಿಂಗಳುಗಟ್ಟಲೆ ವ್ಯರ್ಥ, ಜೊತೆಗೆ ಗಡುವೂ ಮೀರುತ್ತದೆ.

ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಡಿ ಆಸ್ಪತ್ರೆಯ ಆಂತರಿಕ ಸಮಿತಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವೆಡೆ ಈ ಸಮಿತಿ ಇರಲೇಬೇಕು, ಅಧ್ಯಕ್ಷೆ ಹಿರಿಯ ಮಹಿಳೆಯಾಗಿರಬೇಕು, ಅರ್ಧದಷ್ಟಾದರೂ ಸದಸ್ಯರು ಮಹಿಳೆಯರಿರಬೇಕು, ಹೊರಗಿನ ಸಂಸ್ಥೆಯ ಒಬ್ಬರು ಇರಬೇಕು. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ದೂರು ಕೊಡಬೇಕು, ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ವಿಸ್ತರಿಸಬಹುದು. ದೂರಿನ ಆರು ಪ್ರತಿ, ಪೂರಕ ದಾಖಲೆ, ಸಾಕ್ಷಿಗಳ ಹೆಸರು ವಿಳಾಸ ಕೊಡಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರವರೆಗೆ ನಿಮ್ಮನ್ನಾಗಲಿ ಅವರನ್ನಾಗಲಿ ಬೇರೆಡೆಗೆ ಹಾಕಲು, ನಿಮಗೆ ಮೂರು ತಿಂಗಳವರೆಗೆ ರಜೆ ಕೊಡಲು ಲಿಖಿತವಾಗಿ ಕೇಳುವ ಹಕ್ಕಿದೆ. ಹೊರಗುತ್ತಿಗೆಯವರು, ಗೌರವಧನದವರು, ತರಬೇತಿಯಲ್ಲಿರುವವರು ಎಲ್ಲರೂ ಈ ಕಾಯ್ದೆಯ ನೆರಳಿನಲ್ಲಿದ್ದಾರೆ. ಹತ್ತಕ್ಕಿಂತ ಕಡಿಮೆ ಜನರಿರುವ ಪಿಎಚ್‌ಸಿಯಾದರೆ, ಅಥವಾ ದೂರು ಉದ್ಯೋಗದಾತರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಿ.

ಹಣ ಕೇಳಿದರೆ ಲೋಕಾಯುಕ್ತ. ಕೊಡುವ ಮೊದಲೇ ಜಿಲ್ಲೆಯ ಲೋಕಾಯುಕ್ತ ಪೊಲೀಸರ ಬಳಿ ಹೋಗಬೇಕು. ಬಲವಂತಕ್ಕೆ ಕೊಟ್ಟುಬಿಟ್ಟಿದ್ದರೆ ಏಳು ದಿನದೊಳಗೆ ತಿಳಿಸಿ; ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಂತೆ ಆ ಗಡುವು ದಾಟಿದರೆ ಕೊಟ್ಟವರಿಗೂ ತೊಡಕು. ವರ್ಗಾವಣೆ, ಶಿಸ್ತುಕ್ರಮ, ಸಂಬಳದಂಥ ಸೇವಾ ವಿಷಯಗಳನ್ನು ಲೋಕಾಯುಕ್ತರ ಮುಂದೆ ಒಯ್ಯಬೇಡಿ, ಅವು ಅವರ ವ್ಯಾಪ್ತಿಯಲ್ಲಿಲ್ಲ. ಅವುಗಳಿಗೆ ಮೊದಲು ಇಲಾಖೆಯೊಳಗಿನ ಮೇಲ್ಮನವಿ, ಆಮೇಲೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಬೆಂಗಳೂರಿಗೆ ಹೋಗಬೇಕಿಲ್ಲ, ಬೆಳಗಾವಿಯಲ್ಲಿ ಪೀಠವಿದೆ. ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು.

ಜಾತಿ ಹಿಡಿದು ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಅವಮಾನಿಸಿದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯಿದೆ. ಇದು ನೇರ ಪೊಲೀಸ್ ದೂರು. ಅಲ್ಲಿ ಯಾರು ಯಾರು ಕೇಳಿಸಿಕೊಂಡರು ಎಂಬುದೇ ನಿರ್ಣಾಯಕ, ಅದಕ್ಕೇ ದಿನಚರಿಯಲ್ಲಿ ಹೆಸರು ಬರೆಯಿರಿ ಎಂದದ್ದು.

ಕಾಗದ ಸಿಗದಿದ್ದರೆ ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಅನೇಕ ಅರ್ಜಿಗಳು ಇಲ್ಲಿಯೇ ಬೀಳುತ್ತವೆ. "ನನ್ನನ್ನು ಯಾಕೆ ಓಒಡಿ ಹಾಕಿದಿರಿ" ಎಂದು ಕೇಳಬೇಡಿ, "ಯಾಕೆ"ಗೆ ಉತ್ತರ ಕೊಡಬೇಕಿಲ್ಲ. "ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಹೊರಡಿಸಿದ ಎಲ್ಲ ನಿಯೋಜನೆ ಆದೇಶಗಳ ದೃಢೀಕೃತ ಪ್ರತಿ" ಎಂದು ಕೇಳಿ. ಡ್ಯೂಟಿ ಚಾರ್ಟಿಗೂ ಹೀಗೆಯೇ, ಬೇರೆ ಅರ್ಜಿಯಲ್ಲಿ. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ.

ವಕೀಲರ ಖರ್ಚಿನ ಚಿಂತೆಯಿದ್ದರೆ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಹೋಗಬಾರದ ಕಡೆಯೂ ಇದೆ. ಪತ್ರಿಕೆ, ಟಿವಿ, ಫೇಸ್‌ಬುಕ್, ಊರಿನ ವಾಟ್ಸ್ಯಾಪ್ ಗುಂಪು ಬೇಡ. ರಾಜ್ಯ ಸರ್ಕಾರಿ ನೌಕರರ 2021ರ ನಡತೆ ನಿಯಮಗಳಡಿ ಅದೇ ನಿಮ್ಮ ಮೇಲಿನ ಪ್ರಕರಣವಾಗುತ್ತದೆ. ರಾಜಕಾರಣಿಯ ಶಿಫಾರಸು ತರುವುದೂ ಹಾಗೆಯೇ. ಮಾಹಿತಿದಾರರನ್ನು ಕಾಪಾಡಲು ಸಂಸತ್ತು 2014ರಲ್ಲಿ ಮಾಡಿದ ಕಾಯ್ದೆ ಜಾರಿಗೇ ಬಂದಿಲ್ಲ, ಅದರ ಮೇಲೆ ಭಾರ ಹಾಕಬೇಡಿ. ಸಿಟ್ಟಿಗೆದ್ದು ಡ್ಯೂಟಿಗೆ ಹೋಗದೆ ಮನೆಯಲ್ಲಿ ಕೂತರೆ ಅದು ಅನಧಿಕೃತ ಗೈರುಹಾಜರಿ. ಎಷ್ಟೋ ನ್ಯಾಯವಾದ ದೂರುಗಳು ಸತ್ತದ್ದು ಈ ಒಂದು ತಪ್ಪಿನಿಂದ. ಮೈ ಮನಸ್ಸು ಸೋತಿದ್ದರೆ ವೈದ್ಯಕೀಯ ಪ್ರಮಾಣಪತ್ರ ಹಚ್ಚಿ ರಜೆ ಹಾಕಿ. ನಿದ್ದೆ ಕೆಟ್ಟು, ಡ್ಯೂಟಿ ಹೊತ್ತು ಬಂದರೆ ಎದೆ ಹೊಡೆದುಕೊಳ್ಳುತ್ತಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತದೆ.

ಕಾರಣ ಕೇಳಿ ನೋಟಿಸ್ ಬಂದರೆ ಹೆದರಿ ಅದೇ ದಿನ ಉತ್ತರ ಬರೆಯಬೇಡಿ, ಗಡುವನ್ನೂ ಮೀರಬೇಡಿ. ಆರೋಪಕ್ಕೆ ಆಧಾರವಾದ ದಾಖಲೆಗಳ ಪ್ರತಿಯನ್ನು ಮೊದಲು ಕೇಳಿ. ಉತ್ತರ ಆರೋಪದ ಕ್ರಮದಲ್ಲೇ ಇರಲಿ, ಒಂದೊಂದಕ್ಕೆ ಒಂದೊಂದು ದಾಖಲೆ ಹಚ್ಚಿ. "ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ, ಕ್ಷಮಿಸಿ" ಎಂದು ರೂಢಿಯಂತೆ ಬರೆದರೆ ಅದು ತಪ್ಪೊಪ್ಪಿಗೆ ಆಗುತ್ತದೆ.

ಕುರ್ಚಿಯಲ್ಲಿ ಕೂತವರಿಗೆ

ಎಎಂಒ, ಜಿಲ್ಲಾ ಶಸ್ತ್ರಚಿಕಿತ್ಸಕರು, ವಿಭಾಗದ ಮುಖ್ಯಸ್ಥರು, ನರ್ಸಿಂಗ್ ಸೂಪರಿಂಟೆಂಡೆಂಟರು ಈ ಭಾಗವನ್ನು ದಯವಿಟ್ಟು ಓದಬೇಕು. ನಿಮ್ಮ ಆಸ್ಪತ್ರೆಯಲ್ಲಿ ಕಳೆದ ಆರು ತಿಂಗಳಲ್ಲಿ ಒಂದೂ ತಪ್ಪು ವರದಿಯಾಗಿಲ್ಲವೆಂದರೆ ಅದು ಹೆಮ್ಮೆಯ ಸುದ್ದಿಯಲ್ಲ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಮುಂದಾಳುಗಳಿದ್ದ ವಾರ್ಡುಗಳಲ್ಲೇ ಔಷಧದ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿನವರಿಗೆ ತಪ್ಪನ್ನು ಹೇಳುವ ಭಯ ಕಡಿಮೆಯಿತ್ತು ಎಂಬುದು ಅವರು ಕಂಡುಕೊಂಡ ಕಾರಣ. 2015ರಲ್ಲಿ ಇಸ್ರೇಲಿನ 24 ನವಜಾತ ಶಿಶು ತಂಡಗಳ ಮೇಲೆ ನಡೆದ ಪ್ರಯೋಗದಲ್ಲಿ, ಹೊರಗಿನ ತಜ್ಞನೊಬ್ಬ ಆಡಿದ ಕೆಲವೇ ಒರಟು ಮಾತುಗಳಿಗೆ ರೋಗ ಗುರುತಿಸುವ ಕೆಲಸವೂ ಕೈಕೆಲಸವೂ ಎರಡೂ ಕುಸಿದವು. ಬೈದರೆ ಚುರುಕಾಗುತ್ತಾರೆ ಎಂಬ ನಂಬಿಕೆ ಸುಳ್ಳು.

ಇಂಗ್ಲೆಂಡಿನ ಬ್ರಿಸ್ಟಲ್ ಆಸ್ಪತ್ರೆಯಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಸಾವುಗಳ ಬಗ್ಗೆ ಅರಿವಳಿಕೆ ತಜ್ಞರೊಬ್ಬರು ವರ್ಷಗಳ ಕಾಲ ಎಚ್ಚರಿಸಿದರೂ ಕೇಳಲಿಲ್ಲ. 2001ರ ವಿಚಾರಣಾ ವರದಿ ಅಲ್ಲಿನ ಮುಚ್ಚುಬಾಗಿಲಿನ ವಾತಾವರಣವನ್ನೇ ಎತ್ತಿ ತೋರಿಸಿತು. ಅದೇ ದೇಶದ ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯ ಬಗ್ಗೆ 2013ರಲ್ಲಿ ಬಂದ ವರದಿ 290 ಶಿಫಾರಸು ಮಾಡಬೇಕಾಯಿತು. ಲೆಕ್ಕ, ಗುರಿಗಳ ಹಿಂದೆ ಬಿದ್ದ ಆಡಳಿತ, ಹೇಳಲು ಹೆದರಿದ ಸಿಬ್ಬಂದಿ ಅಲ್ಲಿಯೂ ಇದ್ದರು. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಇದು ದೂರದ ಕಥೆಯಲ್ಲ.

ಮಾಡಬೇಕಾದದ್ದು ದುಬಾರಿಯೂ ಅಲ್ಲ. ಪಾಳಿ ಬದಲಾಗುವಾಗ ಹತ್ತು ನಿಮಿಷ ನಿಂತೇ ಸಭೆ ಮಾಡಿ. ಕಿರಿಯರಿಂದ ಶುರುವಾಗಲಿ: ಮೊದಲು ಡಿ ಗ್ರೂಪ್, ಆಮೇಲೆ ನರ್ಸ್, ಕೊನೆಗೆ ವೈದ್ಯರು. ಸಾಹೇಬರು ಮೊದಲು ಬಾಯಿ ತೆರೆದರೆ ಉಳಿದವರದು ಬರೀ "ಹೌದ್ರಿ". "ಎಲ್ಲಾ ಬರೋಬರಿ ಐತಿಲ್ಲ?" ಎಂದು ಕೇಳಬೇಡಿ, ಅದಕ್ಕೆ ಒಂದೇ ಉತ್ತರವಿದೆ. "ಇವತ್ತ ಏನ್ ಕಡಿಮಿ ಐತಿ? ನಿನ್ನಿ ರಾತ್ರಿ ಯಾವ ಕೇಸಿಗೆ ಹೆದರಿದ್ರಿ?" ಎಂದು ಕೇಳಿ. ಯಾರಾದರೂ ಮೊದಲ ಸಲ ಕೆಟ್ಟ ಸುದ್ದಿ ತಂದಾಗ ನಿಮ್ಮ ಮುಖವನ್ನು ಇಡೀ ವಾರ್ಡು ನೋಡುತ್ತಿರುತ್ತದೆ. "ಛಲೋ ಆತು ಹೇಳಿದ್ರಿ, ಈಗ ಏನ್ ಮಾಡೂಣು?" ಎಂಬ ಒಂದು ವಾಕ್ಯ ಸಾಕು, ಸಿಟ್ಟು ಬಂದಿದ್ದರೂ ಅದನ್ನೇ ಹೇಳಿ.

ಆಪರೇಷನ್ ಥಿಯೇಟರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ತಪಾಸಣಾ ಪಟ್ಟಿಯನ್ನು ಕಾಗದಕ್ಕಾಗಿ ತುಂಬದೆ ಬಾಯಿಬಿಟ್ಟು ಓದಿಸಿ. ದೆಹಲಿ ಸೇರಿ ಎಂಟು ನಗರಗಳಲ್ಲಿ ಇದನ್ನು ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ಪಟ್ಟಿಯಲ್ಲಿ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಳ್ಳುವ ಹಂತವಿದೆ. ಅದನ್ನು ಹಾರಿಸಬೇಡಿ; ಒಮ್ಮೆ ಬಾಯಿ ತೆರೆದವರು ಎರಡನೇ ಸಲ ಸುಲಭವಾಗಿ ತೆರೆಯುತ್ತಾರೆ.

ಸಲಹಾ ಪೆಟ್ಟಿಗೆ ನಿಮ್ಮ ಚೇಂಬರಿನ ಬಾಗಿಲ ಬಳಿ, ಸಿಸಿಟಿವಿಯ ಕೆಳಗೆ ಇದ್ದರೆ ಅದರೊಳಗೆ ಧೂಳು ಮಾತ್ರ ಸಿಗುತ್ತದೆ. ಸಿಬ್ಬಂದಿ ಊಟದ ಕೋಣೆಯಲ್ಲಿಡಿ, ಎರಡು ಬೀಗ ಹಾಕಿ, ಒಂದು ಕೀಲಿ ನೌಕರರ ಪ್ರತಿನಿಧಿಯ ಬಳಿ ಇರಲಿ, ಪ್ರತಿ ಸೋಮವಾರ ತೆರೆಯಿರಿ. ಬಂದದ್ದಕ್ಕೆ ಏಳು ದಿನದಲ್ಲಿ ಬೋರ್ಡಿನ ಮೇಲೆ ಉತ್ತರ ಬರೆಯಿರಿ. "ಆಗುವುದಿಲ್ಲ, ಇಂಥ ಕಾರಣಕ್ಕೆ" ಎಂಬುದೂ ಉತ್ತರವೇ.

ಜಿಲ್ಲೆಯಿಂದ ಭೇಟಿಗೆ ಬರುವ ಅಧಿಕಾರಿಗಳು ಹೂವಿನ ಹಾರ, ಚಹಾ ಮುಗಿಸಿ ಚೇಂಬರಿನಲ್ಲೇ ಕೂಡಬಾರದು. ಆಡಳಿತಾಧಿಕಾರಿಯನ್ನು ಹೊರಗಿಟ್ಟು ರಾತ್ರಿ ಪಾಳಿಯವರ ಜೊತೆ ಇಪ್ಪತ್ತು ನಿಮಿಷ ಮಾತಾಡಿ. ಮೂರು ಕಡತ ತರಿಸಿ: ತಿರಸ್ಕೃತ ರಜೆ ಅರ್ಜಿಗಳು, ಆರು ತಿಂಗಳ ನಿಯೋಜನೆ ಆದೇಶಗಳು, ನೀಡಿದ ಮೆಮೊಗಳು. ಮೂರರಲ್ಲೂ ಅದೇ ಎರಡು ಮೂರು ಹೆಸರು ಬರುತ್ತಿದ್ದರೆ ಆ ಹೆಸರಿನವರನ್ನು ಕರೆದು, ಅವರು ಅದಕ್ಕೆ ಮೊದಲು ಏನು ಬರೆದುಕೊಟ್ಟಿದ್ದರು ಎಂದು ಕೇಳಿ. ಸರ್ಕಾರಿ ಆಸ್ಪತ್ರೆಗಳ ರಾಷ್ಟ್ರೀಯ ಗುಣಮಟ್ಟವಾದ ಎನ್‌ಕ್ಯೂಎಎಸ್‌ನಲ್ಲಿ ಸಿಬ್ಬಂದಿ ತೃಪ್ತಿಯ ಸಮೀಕ್ಷೆಯೂ ಇದೆ. ಆ ಫಾರಂಗಳು ಒಂದೇ ಕೈಬರಹದಲ್ಲಿ ತುಂಬಿವೆಯೇ ಎಂದೂ ನೋಡಿ.

ಅಧಿಕಾರಿ ಬದಲಾದಾಗ

ಕೆಟ್ಟ ಅಧಿಕಾರಿ ವರ್ಗವಾಗಿ ಹೋದ ದಿನ ವಾರ್ಡಿನಲ್ಲಿ ಪೇಢೆ ಹಂಚಿ ಎಲ್ಲವೂ ಮುಗಿಯಿತೆಂದುಕೊಂಡರೆ ಹಳೆಯ ಮೌನ ಹಾಗೇ ಉಳಿಯುತ್ತದೆ. ಹೊಸಬರು ಅಧಿಕಾರ ವಹಿಸಿಕೊಂಡ ಮೊದಲ ವಾರದಲ್ಲೇ, ಹಿಂದಿನವರ ಬಗ್ಗೆ ಒಂದೂ ಮಾತಾಡದೆ, ಬಾಕಿ ಉಳಿದ ಅರ್ಜಿಗಳ ಪಟ್ಟಿಯನ್ನು ಆವಕ ಸಂಖ್ಯೆ, ದಿನಾಂಕ ಸಹಿತ ಒಂದು ಪುಟದಲ್ಲಿ ಬರೆದು ಅವರ ಕೈಗೆ ಕೊಡಿ. ಜೀವ ಉಳಿಸುವ ಔಷಧ, ಆಕ್ಸಿಜನ್, ಪಾಳಿಯ ಸಿಬ್ಬಂದಿ ಸಂಖ್ಯೆ ಮೇಲಿರಲಿ. ರಜೆ, ಕ್ವಾರ್ಟರ್ಸ್, ಬಾಕಿ ಭತ್ಯೆ ಕೆಳಗಿರಲಿ. ತಿಂಗಳಾದ ಮೇಲೆ ಅದೇ ಪಟ್ಟಿ ಹಿಡಿದು, ಆದವುಗಳ ಮುಂದೆ ಗುರುತು ಹಾಕಿ, ಉಳಿದವುಗಳನ್ನು ಇನ್ನೊಮ್ಮೆ ಟಪಾಲಿಗೆ ಕೊಡಿ.